ಕಾಫಿ ಕೊಯ್ಲು ಮುಗಿಯುವವರೆಗೆ ಈ ನೋವು ತಡೆದುಕೊಳ್ಳಬಹುದಾ?

ಓದುಗರೊಬ್ಬರು ಬರೆದಿದ್ದಾರೆ:

"ಡಾಕ್ಟರೇ, ನನಗೆ 43 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ. ದಿನವಿಡೀ ತೋಟದ ರಸ್ತೆಯಲ್ಲಿ ಬೈಕಿನಲ್ಲೇ ಓಡಾಟ. ಐದು ತಿಂಗಳಿಂದ ಬೀಜದ ಹಿಂದೆ, ಗುದದ್ವಾರಕ್ಕಿಂತ ಮುಂದೆ, ಆ ನಡುವಿನ ಜಾಗದಲ್ಲಿ ಒಂಥರಾ ನೋವು. ಕೂತರೆ ಕಲ್ಲಿನ ಮೇಲೆ ಕೂತ ಹಾಗೆ. ಕಿಬ್ಬೊಟ್ಟೆ ಭಾರ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ, ರಾತ್ರಿ ಎರಡು ಸಲ ಏಳುತ್ತೇನೆ. ಹೆಂಡತಿ ಜೊತೆ ಸೇರಿದ ಮೇಲೆ ನೋವು ಜಾಸ್ತಿ, ಅದಕ್ಕೇ ಈಗ ದೂರ ಇದ್ದೇನೆ. ಜ್ವರ ಇಲ್ಲ, ಮೂತ್ರದಲ್ಲಿ ರಕ್ತ ಇಲ್ಲ. ಮೆಡಿಕಲ್ ಶಾಪಿನಲ್ಲಿ ಹೇಳಿ ಮೂರು ಸಲ ಐದೈದು ದಿನದ ಮಾತ್ರೆ ತಗೊಂಡೆ. ತಗೊಂಡಾಗ ಸ್ವಲ್ಪ ಕಡಿಮೆ, ಆಮೇಲೆ ಮತ್ತೆ ಅದೇ. ಅಮ್ಮ ಉಷ್ಣ ಅಂತ ಜೀರಿಗೆ ನೀರು ಕೊಡುತ್ತಾರೆ. ಗೆಳೆಯನೊಬ್ಬ ಇದು ಹುಡುಗನಾಗಿದ್ದಾಗಿನ ಕೈಚಟದ ಫಲ ಅಂದ. ನನ್ನ ಮಾವನಿಗೆ, ಅಂದರೆ ಹೆಂಡತಿಯ ತಂದೆಗೆ, ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ಈಗ ರೋಬಸ್ಟಾ ಕೊಯ್ಲು ನಡೆಯುತ್ತಿದೆ, ಮಾರ್ಚ್ ಮುಗಿಯುವವರೆಗೆ ರಜೆ ಸಿಗುವುದಿಲ್ಲ. ಅಲ್ಲಿಯವರೆಗೆ ಕಾಯಬಹುದಾ?"

ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಬರುತ್ತೇನೆ. ಮಾರ್ಚ್‌ವರೆಗೆ ಕಾಯಬೇಡಿ. ಹಾಗಂತ ಇವತ್ತು ರಾತ್ರಿಯೇ ಗಾಡಿ ಮಾಡಿಕೊಂಡು ಓಡಬೇಕಾದ ಸ್ಥಿತಿಯೂ ಅಲ್ಲ. ಒಂದು ವಾರ, ಹೆಚ್ಚೆಂದರೆ ಹತ್ತು ದಿನದೊಳಗೆ ಅರ್ಧ ದಿನ ರಜೆ ಹಾಕಿ ಡಾಕ್ಟರ್ ಹತ್ತಿರ ಹೋಗಿ. ಅಲ್ಲಿಯವರೆಗೆ ನಾಲ್ಕನೇ ಸಲ ಆ ಮಾತ್ರೆ ಮಾತ್ರ ತಗೊಳ್ಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ನೋವಿಗಿಂತ ಅದರ ಸುತ್ತಲಿನ ಹೆದರಿಕೆಯೇ ನಿಮ್ಮನ್ನು ಜಾಸ್ತಿ ಹೈರಾಣ ಮಾಡಿದೆ. ಕ್ಯಾನ್ಸರ್ ಇರಬಹುದಾ, ನಾನೇ ಮಾಡಿಕೊಂಡ ತಪ್ಪಾ, ಹೆಂಡತಿ ಏನು ತಿಳಿದುಕೊಂಡಾಳು. ಇಷ್ಟು ವರ್ಷ ಮೂತ್ರದ ತೊಂದರೆಯವರನ್ನೇ ನೋಡುತ್ತಾ ಬಂದ ನನಗೆ ಇದು ಹೊಸದಲ್ಲ. ನಮ್ಮ ಕಡೆಯ ಗಂಡಸರು ಏಣಿಯಿಂದ ಬಿದ್ದು ಕೈ ಮುರಿದರೆ ಅದೇ ದಿನ ಬರುತ್ತಾರೆ. ಸೊಂಟದ ಕೆಳಗೆ ನೋವಾದರೆ ಆರು ತಿಂಗಳು ಬಿಟ್ಟು ಬರುತ್ತಾರೆ. ಬಂದವರೂ "ಸುಸ್ತು ಸಾರ್" ಅಂತಲೇ ಶುರು ಮಾಡುತ್ತಾರೆ. ಬಿಪಿ ನೋಡಿ, ಚೀಟಿ ಬರೆದು, ಅವರು ಎದ್ದು ಬಾಗಿಲವರೆಗೆ ಹೋಗಿ, ಹೊರಗೆ ಯಾರಾದರೂ ಇದ್ದಾರಾ ಅಂತ ಒಮ್ಮೆ ಇಣುಕಿ ನೋಡಿ, ಆಮೇಲೆ ತಿರುಗಿ "ಇನ್ನೊಂದು ವಿಷಯ ಇತ್ತು" ಅನ್ನುತ್ತಾರೆ. ಅವರು ಬಂದದ್ದೇ ಆ ಇನ್ನೊಂದು ವಿಷಯಕ್ಕೆ. ನೀವು ನೇರವಾಗಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲಿಗೇ ಆಯಿತು.

ನಿಮ್ಮ ವಿಷಯಕ್ಕೆ ಬರುವ ಮೊದಲು, ಯಾವಾಗ ಒಂದು ರಾತ್ರಿಯೂ ಕಾಯಬಾರದು ಅನ್ನುವುದನ್ನು ಹೇಳಿಬಿಡುತ್ತೇನೆ. ಇದನ್ನು ಓದುವ ಬೇರೆಯವರಿಗೂ ಬೇಕಾಗುತ್ತದೆ.

ಒಂದು ಬೀಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ವಾಂತಿ, ಬೀಜ ಮೇಲಕ್ಕೆ ಸೆಳೆದುಕೊಂಡ ಹಾಗೆ ಕಾಣುವುದು. ಬೀಜಕ್ಕೆ ರಕ್ತ ತರುವ ಹುರಿ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ಬೀಜ ಸಾಮಾನ್ಯವಾಗಿ ಉಳಿಯುತ್ತದೆ, ಒಂದು ದಿನ ದಾಟಿದರೆ ಉಳಿಯುವುದು ಅಪರೂಪ. 12ರಿಂದ 18 ವರ್ಷದ ಹುಡುಗರಲ್ಲಿ ಇದು ಜಾಸ್ತಿ, ದೊಡ್ಡವರಲ್ಲೂ ಆಗುತ್ತದೆ. ಹಾಸ್ಟೆಲಿನಲ್ಲಿದ್ದ ಒಬ್ಬ ಪಿಯುಸಿ ಹುಡುಗ ರಾತ್ರಿ ಹತ್ತಕ್ಕೆ ಶುರುವಾದ ನೋವನ್ನು ಹೊಟ್ಟೆನೋವು ಅಂತ ಹೇಳಿ, ಗೆಳೆಯ ಕೊಟ್ಟ ಗ್ಯಾಸಿನ ಮಾತ್ರೆ ನುಂಗಿ ಮಲಗಿದ್ದ. ನಮ್ಮ ಹತ್ತಿರ ಬಂದಾಗ ಮಾರನೇ ದಿನ ಮಧ್ಯಾಹ್ನ. ಬೀಜ ಕಪ್ಪಾಗಿತ್ತು, ತೆಗೆಯಲೇಬೇಕಾಯಿತು. ಅವನ ಅಪ್ಪ ಕಾರಿಡಾರಿನಲ್ಲಿ ನಿಂತು "ನನಗಾದರೂ ಹೇಳಬಹುದಿತ್ತಲ್ಲ" ಅಂತ ಒಂದೇ ಮಾತನ್ನು ಹೇಳುತ್ತಾ ಇದ್ದರು. ಮನೆಯಲ್ಲಿ ಹುಡುಗರಿದ್ದರೆ ಈ ವಿಷಯ ಅವರಿಗೆ ಬಾಯಿಬಿಟ್ಟು ಹೇಳಿಡಿ.

ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಬಿಗಿದುಕೊಂಡರೆ ಕಾಯಬಾರದು. ಚಳಿಜ್ವರದ ಜೊತೆ ಈ ಭಾಗದಲ್ಲಿ ನೋವು, ಉರಿಮೂತ್ರ ಬಂದರೂ ಅಷ್ಟೇ. ಅದು ಪ್ರಾಸ್ಟೇಟ್‌ನ ತೀವ್ರ ಸೋಂಕಾಗಿರಬಹುದು, ರಕ್ತಕ್ಕೆ ಹರಡಬಹುದು. ತೊಡೆಸಂದಿನಲ್ಲಿ ಮೊದಲಿನಿಂದ ಇದ್ದ ಹರ್ನಿಯಾ ಗಂಟು, ಮಲಗಿದರೆ ಒಳಗೆ ಹೋಗುತ್ತಿದ್ದದ್ದು, ಒಂದು ದಿನ ಗಟ್ಟಿಯಾಗಿ ಒಳಗೆ ಹೋಗದೆ ನೋಯಲು ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಹಣ್ಣಿನ ಚೀಲ ಎತ್ತುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಬೆನ್ನುನೋವಿನ ಜೊತೆ ಕಾಲಿನಲ್ಲಿ ಬಲ ಕಡಿಮೆಯಾಗಿ, ಸೀಟಿಗೆ ತಾಗುವ ಜಾಗ ಮರಗಟ್ಟಿ, ಮೂತ್ರ ಮಲದ ಹಿಡಿತ ತಪ್ಪಿದರೆ ಬೆನ್ನುಹುರಿಯ ಕೆಳತುದಿಯ ನರಗಳು ಅದುಮಿಕೊಂಡಿವೆ. ಸಕ್ಕರೆ ಕಾಯಿಲೆ ಇರುವವರಿಗೆ ಬೀಜದ ಚೀಲದ ಚರ್ಮ ಕೆಂಪಾಗಿ ಊದಿ, ಕಪ್ಪು ತಿರುಗಿ, ವಾಸನೆ ಬಂದರೆ ಗಂಟೆಗಳ ಲೆಕ್ಕ.

ಇಂಥ ಹೊತ್ತಿನಲ್ಲಿ "ಬೆಳಗಾಗಲಿ, ಮೈಸೂರಿಗೇ ಹೋಗೋಣ" ಅನ್ನಬೇಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತು. 108ಕ್ಕೆ ಫೋನ್ ಮಾಡಿ, ಸರ್ಜನ್ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಮುಂದೆ ಕಳಿಸಬೇಕಾದರೆ ಅವರೇ ಕಳಿಸುತ್ತಾರೆ.

ರಾತ್ರಿಯೇ ಓಡಬೇಕಿಲ್ಲ, ಆದರೆ ಅದೇ ವಾರ ಹೋಗಬೇಕಾದವೂ ಇವೆ. ಮೂತ್ರದಲ್ಲಿ ರಕ್ತ ಒಂದೇ ಸಲ ಬಂದು ನಿಂತರೂ ತೋರಿಸಬೇಕು. ನೋವಿಲ್ಲದೆ ಬಂದರೆ, ಬೀಡಿ ಸಿಗರೇಟು ಸೇದುವವರಾದರೆ, ಇನ್ನೂ ಬೇಗ. ಬೀಜದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೂ ಹಾಗೇ. ನೋಯುತ್ತಿಲ್ಲ ಅಂತಲೇ ಜನ ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಕ್ಯಾನ್ಸರ್ ಭಯ. ಪ್ರಾಸ್ಟೇಟ್ ಅಂದರೆ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ, ಅಕ್ರೋಟಿನಷ್ಟು ದೊಡ್ಡ ಗ್ರಂಥಿ. ನಿಮ್ಮ ವಯಸ್ಸಿನಲ್ಲಿ ತೂಕ ಸುಮಾರು 20 ಗ್ರಾಂ. ಅದರ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಮತ್ತು 50ಕ್ಕಿಂತ ಮುಂಚೆ ಬರುವುದು ಕಡಿಮೆ. ಅಪ್ಪನಿಗೋ ಸ್ವಂತ ಅಣ್ಣತಮ್ಮಂದಿರಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚುತ್ತದೆ. ಆದರೆ ಮಾವ ನಿಮ್ಮ ರಕ್ತಸಂಬಂಧಿ ಅಲ್ಲವಲ್ಲ. ಅವರ ಕಾಯಿಲೆಯಿಂದ ನಿಮಗೆ ಅಪಾಯ ಹೆಚ್ಚುವುದಿಲ್ಲ, ಆ ಎಚ್ಚರ ನಿಮ್ಮ ಹೆಂಡತಿಯ ಅಣ್ಣತಮ್ಮಂದಿರಿಗೆ ಬೇಕು. ನೋವು ಇದೆ ಅನ್ನುವ ಒಂದೇ ಕಾರಣಕ್ಕೆ ಕ್ಯಾನ್ಸರ್ ಅಂತ ತಿಳಿದು ರಾತ್ರಿಯೆಲ್ಲಾ ಎಚ್ಚರ ಇರಬೇಡಿ. ಆದರೆ ಪರೀಕ್ಷೆ ಬಿಡಬೇಡಿ. ಎರಡೂ ಒಟ್ಟಿಗೇ ಹೇಳುತ್ತಿದ್ದೇನೆ.

ಹೆದರಿಕೊಂಡು ನೀವಾಗಿಯೇ ಲ್ಯಾಬಿಗೆ ಹೋಗಿ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯನ್ನೂ ಮಾಡಿಸಬೇಡಿ. ಪ್ರಾಸ್ಟೇಟ್‌ನಲ್ಲಿ ಉರಿಯೂತ ಇದ್ದರೂ ಆ ಅಂಕಿ ಏರುತ್ತದೆ. ವೀರ್ಯ ಹೋದ ಮೇಲೆ, ಜಾಸ್ತಿ ಹೊತ್ತು ಸೈಕಲ್ ತುಳಿದ ಮೇಲೆ ಒಂದೆರಡು ದಿನ ಸ್ವಲ್ಪ ಏರಿರಬಹುದು. ಸೋಂಕು ಇದ್ದರೆ ವಾಸಿಯಾದ ಮೇಲೆ ಆರೆಂಟು ವಾರ ಬಿಟ್ಟು ಮಾಡಿಸುವುದು ಸರಿ. ಏರಿದ ಒಂದು ಅಂಕಿ ಹಿಡಿದುಕೊಂಡು ಮನೆಮಂದಿಯೆಲ್ಲಾ ಅಳುತ್ತಾ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೈಚಟದಿಂದ ಈ ನೋವು ಬರುವುದಿಲ್ಲ. ಪೂರ್ತಿ ಸುಳ್ಳು ಅದು. ಆ ಭಾರ ಇವತ್ತೇ ಇಳಿಸಿಬಿಡಿ.

ಉಷ್ಣದ ಮಾತಿನಲ್ಲಿ ಚೂರು ನಿಜ ಇದೆ. ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಹೋದವರು ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ. ಮಧ್ಯೆ ಎರಡು ಸಲ ಕಾಫಿ, ಅಷ್ಟೇ. ಮೂತ್ರ ಗಟ್ಟಿಯಾಗಿ ಹಳದಿಯಾಗಿ ಉರಿಯುತ್ತದೆ. ಅಮ್ಮ ಕೊಡುವ ಜೀರಿಗೆ ನೀರು ಕುಡಿಯಿರಿ, ನೀರು ಒಳಗೆ ಹೋಗುತ್ತದಲ್ಲ. ಆದರೆ ಐದು ತಿಂಗಳ ನೋವಿಗೆ ಅದೊಂದೇ ಮದ್ದಲ್ಲ.

ಹಾಗಾದರೆ ನಿಮಗೆ ಏನಾಗಿರಬಹುದು? ಮುಟ್ಟಿ ನೋಡದೆ ಖಚಿತವಾಗಿ ಹೇಳುವುದು ತಪ್ಪಾಗುತ್ತದೆ. ಆದರೆ ನೀವು ಬರೆದದ್ದೆಲ್ಲ ಪ್ರಾಸ್ಟೇಟ್ ಮತ್ತು ಅದರ ಸುತ್ತಲಿನ ಸ್ನಾಯುಗಳ ದೀರ್ಘಕಾಲದ ನೋವಿನ ಕಡೆಗೇ ಕೈ ತೋರಿಸುತ್ತದೆ. ಆರು ತಿಂಗಳಲ್ಲಿ ಮೂರು ತಿಂಗಳಾದರೂ ಈ ನೋವು ಇದ್ದು, ಬೇರೆ ಕಾರಣ ಸಿಗದಿದ್ದರೆ ಡಾಕ್ಟರುಗಳು ಇದಕ್ಕೆ ದೀರ್ಘಕಾಲದ ಪೆಲ್ವಿಕ್ ನೋವು, ಅಂದರೆ ಸೊಂಟದ ತಳಭಾಗದ ನೋವು ಅನ್ನುತ್ತಾರೆ. ಹೆಚ್ಚಿನವರು, ಕೆಲವು ಡಾಕ್ಟರುಗಳೂ ಸಹ, ಇದನ್ನು "ಪ್ರಾಸ್ಟೇಟ್ ಇನ್‌ಫೆಕ್ಷನ್" ಅಂದುಬಿಡುತ್ತಾರೆ. ಆದರೆ ಇಂಥ ನೋವಿನವರಲ್ಲಿ ಹತ್ತಕ್ಕೆ ಒಂಬತ್ತು ಜನರಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ನಿಮ್ಮ ಮಾತ್ರೆ ಕೈಕೊಟ್ಟದ್ದು ಬಹುಶಃ ಇದಕ್ಕೇ.

"ಮತ್ತೆ ತಗೊಂಡಾಗ ಕಡಿಮೆಯಾಯಿತಲ್ಲ" ಅಂತ ನೀವು ಕೇಳಬಹುದು. ಈ ನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತೀರಾ ಜಾಸ್ತಿಯಾದಾಗಲೇ ನೀವು ಅಂಗಡಿಗೆ ಹೋಗುತ್ತೀರಿ, ಅದು ಇಳಿಯುವ ಹೊತ್ತಿಗೆ ಮಾತ್ರೆಗೆ ಹೆಸರು ಬರುತ್ತದೆ. ಅವರು ಜೊತೆಗೆ ನೋವಿನ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ನಿಜವಾಗಿ ಪ್ರಾಸ್ಟೇಟ್‌ನಲ್ಲಿ ದೀರ್ಘಕಾಲದ ಸೋಂಕು ಇದ್ದಿದ್ದರೆ ಐದು ದಿನ ಯಾವ ಮೂಲೆಗೆ? ನಾಲ್ಕರಿಂದ ಆರು ವಾರ ಬೇಕು. ಅರ್ಧಂಬರ್ಧ ತಗೊಂಡರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಕೊಡುವ ಸಿಪ್ರೋಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್ ಮಾತ್ರೆಗಳು ಅಪರೂಪಕ್ಕೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಕೆಡಿಸಿ ಹರಿಯುವಂತೆಯೂ ಮಾಡುತ್ತವೆ. ದಿನಾ ಇಳಿಜಾರಿನಲ್ಲಿ ಹತ್ತಿ ಇಳಿಯುವ ನಿಮಗೆ ಅದು ಸಣ್ಣ ವಿಷಯ ಅಲ್ಲ. ನೀರು ಕುಡಿಯದ ದೇಹಕ್ಕೆ ದಿನಾ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಹಾಕಿದರೆ ಕಿಡ್ನಿಗೂ ಪೆಟ್ಟು.

ಬ್ಯಾಕ್ಟೀರಿಯಾ ಇಲ್ಲದಿದ್ದರೆ ನೋವು ಎಲ್ಲಿಂದ? ಈಗಲೇ ಒಂದು ಕೈಯ ಮುಷ್ಟಿಯನ್ನು ಬಿಗಿಯಾಗಿ ಹಿಡಿಯಿರಿ. ಹಾಗೇ ಎರಡು ನಿಮಿಷ ಇಡಿ. ಬೆರಳ ಗೆಣ್ಣು ಬೆಳ್ಳಗಾಗುತ್ತದೆ, ಮುಂಗೈ ಸೋಲುತ್ತದೆ, ಬಿಟ್ಟ ಮೇಲೂ ಸ್ವಲ್ಪ ಹೊತ್ತು ಬೆರಳು ಸರಿಯಾಗಿ ಬಿಚ್ಚುವುದಿಲ್ಲ. ಸೊಂಟದ ಮೂಳೆಯ ತಳದಲ್ಲಿ ತೊಟ್ಟಿಲ ಬಟ್ಟೆಯ ಹಾಗೆ ಹಾಸಿಕೊಂಡು ಮೂತ್ರಕೋಶ, ಪ್ರಾಸ್ಟೇಟ್, ಕರುಳಿನ ತುದಿ ಇವನ್ನೆಲ್ಲ ಹೊತ್ತಿರುವ ಸ್ನಾಯುಗಳಿವೆ. ಕೆಲವರಲ್ಲಿ ಇವು ತಿಂಗಳುಗಟ್ಟಲೆ ಮುಷ್ಟಿಯ ಹಾಗೆ ಬಿಗಿದಿರುತ್ತವೆ, ಅವರಿಗೆ ಗೊತ್ತೇ ಇರುವುದಿಲ್ಲ. ಶುರುವಾಗಲು ಹಿಂದೆ ಬಂದುಹೋದ ಸೋಂಕು ಕಾರಣ ಇರಬಹುದು, ಗುಂಡಿ ರಸ್ತೆಯಲ್ಲಿ ಬೈಕ್ ಸೀಟಿನ ಒತ್ತಡ ಇರಬಹುದು, ಮಲಬದ್ಧತೆ ಇರಬಹುದು, ಮೂತ್ರ ತಡೆದುಕೊಳ್ಳುವ ಅಭ್ಯಾಸ ಇರಬಹುದು. ಆಮೇಲೆ ನರಗಳೂ ಸೂಕ್ಷ್ಮವಾಗುತ್ತವೆ, ಸಣ್ಣ ಒತ್ತಡವೂ ದೊಡ್ಡ ನೋವಾಗಿ ಕೇಳಿಸುತ್ತದೆ. ಚಿಂತೆ ಜಾಸ್ತಿಯಾದರೆ ಬಿಗಿತ ಜಾಸ್ತಿ. ಚಳಿಗೂ ಜಾಸ್ತಿ ಅನ್ನುವವರಿದ್ದಾರೆ. ಇದರ ಅರ್ಥ ನೋವು ಮನಸ್ಸಿನ ಕಲ್ಪನೆ ಅಂತ ಅಲ್ಲವೇ ಅಲ್ಲ. ನೋವು ನಿಜ. ಬರೀ ಟೆನ್ಷನ್ ಅಂತ ಹೇಳಿ ಕಳಿಸುವ ಡಾಕ್ಟರ್ ಸಿಕ್ಕರೆ ಇನ್ನೊಬ್ಬರ ಹತ್ತಿರ ಹೋಗಿ.

ಆದರೆ ಈ ಹೆಸರು ಇಡುವ ಮೊದಲು ಬೇರೆಯವು ಅಲ್ಲ ಅಂತ ನೋಡಲೇಬೇಕು. ಅದಕ್ಕೇ ನಿಮ್ಮನ್ನು ಬೇಗ ಕಳಿಸುತ್ತಿರುವುದು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡ ಕಲ್ಲು ಬೀಜಕ್ಕೆ, ಶಿಶ್ನದ ತುದಿಗೆ ನೋವು ಕಳಿಸುತ್ತದೆ. ಮೂತ್ರನಾಳ ಸಣ್ಣಗಾಗಿರಬಹುದು. ಹರ್ನಿಯಾ, ಗುದದ್ವಾರದ ಬಿರುಕು, ಸೊಂಟದ ಕೀಲಿನ ಸವೆತ, ಇವೂ ಇಲ್ಲಿಯೇ ನೋಯುತ್ತವೆ. ಪದೇ ಪದೇ ಮೂತ್ರಕ್ಕೆ ಹೋಗುವುದು ಸಕ್ಕರೆ ಕಾಯಿಲೆಯ ಮೊದಲ ಸುಳಿವೂ ಇರಬಹುದು. ಮೂತ್ರದಲ್ಲಿ ಕೀವಿನ ಕಣ ಇದ್ದು ಕಲ್ಚರಿನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಮಾತ್ರ ಏನೂ ಬೆಳೆಯುತ್ತಿಲ್ಲ ಅಂದರೆ ಕ್ಷಯವನ್ನೂ ಹುಡುಕಬೇಕು, ಅದು ಶ್ವಾಸಕೋಶಕ್ಕೆ ಮಾತ್ರ ಬರುವ ಕಾಯಿಲೆ ಅಲ್ಲ. ಕಾಂಡೋಮ್ ಇಲ್ಲದೆ ಹೊರಗಿನ ಸಂಬಂಧ ಏನಾದರೂ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಯಾರೂ ನ್ಯಾಯ ಪಂಚಾಯ್ತಿ ಮಾಡುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಮಾತ್ರೆ, ಸೋಂಕು ಸಿಕ್ಕರೆ ಇಬ್ಬರಿಗೂ ಚಿಕಿತ್ಸೆ ಬೇಕು.

ಮೊದಲ ಭೇಟಿಗೆ ಮೈಸೂರು, ಮಂಗಳೂರು ಬೇಡ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್, ಅಥವಾ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜರಿ ವಿಭಾಗ ಸಾಕು. ಹೊಟ್ಟೆ, ತೊಡೆಸಂದು, ಬೀಜ ಮುಟ್ಟಿ ನೋಡುತ್ತಾರೆ. ಆಮೇಲೆ ಗ್ಲೌಸ್ ಹಾಕಿದ ಬೆರಳಿಗೆ ಜೆಲ್ಲಿ ಹಚ್ಚಿ ಗುದದ್ವಾರದ ಮೂಲಕ ಪ್ರಾಸ್ಟೇಟ್ ನೋಡುತ್ತಾರೆ. ಜನ ಆಸ್ಪತ್ರೆಗೆ ಬರದೆ ಉಳಿಯುವುದೇ ಇದಕ್ಕೆ ಹೆದರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎಡ ಮಗ್ಗುಲಿಗೆ ಮಲಗಿ ಮೊಣಕಾಲು ಎದೆಯ ಕಡೆ ಮಡಚಬೇಕು. ಬಾಯಿಂದ ನಿಧಾನ ಉಸಿರು ಬಿಡಬೇಕು. ಅರ್ಧ ನಿಮಿಷ. ಮೂತ್ರ ಬಂದ ಹಾಗೆ ಅನಿಸುತ್ತದೆ, ಬರುವುದಿಲ್ಲ. ಪಕ್ಕದ ಸ್ನಾಯು ಒತ್ತಿದಾಗ "ಇದೇ ಸಾರ್, ಇದೇ ನೋವು" ಅಂತ ನೀವೇ ಹೇಳಿದರೆ ನಮಗೆ ದೊಡ್ಡ ಸುಳಿವು ಸಿಕ್ಕಿತು. ಜೊತೆಗೆ ಮೂತ್ರ ಪರೀಕ್ಷೆ, ಕಲ್ಚರ್, ರಕ್ತದಲ್ಲಿ ಸಕ್ಕರೆ ಮತ್ತು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಒಂದು ಸ್ಕ್ಯಾನ್. ಸ್ಕ್ಯಾನಿನಲ್ಲಿ ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತಲೂ ನೋಡಲು ಕೇಳಿ. ರಕ್ತ, ಗಂಟು, ಕಲ್ಲು ಇಂಥದ್ದು ಸಿಕ್ಕರೆ, ಅಥವಾ ಆರು ವಾರದ ಚಿಕಿತ್ಸೆಗೂ ಬಗ್ಗದಿದ್ದರೆ, ಆಗ ಯೂರಾಲಜಿಸ್ಟ್ ಹತ್ತಿರ ಹೋಗಿ.

ಚಿಕಿತ್ಸೆಯಲ್ಲಿ ಒಂದೇ ಏಟಿಗೆ ವಾಸಿ ಮಾಡುವ ಮದ್ದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಸೋಂಕಿನ ಗುರುತು ಸಿಕ್ಕರೆ ಸರಿಯಾದ ಆ್ಯಂಟಿಬಯೋಟಿಕ್ ಪೂರ್ತಿ ಅವಧಿ ತಗೊಳ್ಳಬೇಕು. ಸಿಗದಿದ್ದರೆ ಮತ್ತೆ ಮತ್ತೆ ಅದೇ ಬೇಡ. ಮೂತ್ರದ ದಾರಿ ಸಡಿಲ ಮಾಡುವ ಟ್ಯಾಮ್ಸುಲೋಸಿನ್ ಥರದ ಮಾತ್ರೆಯಿಂದ ಕೆಲವರಿಗೆ ಒಳ್ಳೆಯದಾಗುತ್ತದೆ. ಆದರೆ ತಟ್ಟನೆ ಎದ್ದರೆ ತಲೆ ಸುತ್ತಬಹುದು, ವೀರ್ಯ ಕಡಿಮೆ ಬರಬಹುದು, ಅದು ಅಪಾಯ ಅಲ್ಲ, ಗೊತ್ತಿಲ್ಲದವರು ಗಾಬರಿಯಾಗುತ್ತಾರೆ. ಮುಂದೆಂದಾದರೂ ಕಣ್ಣಿನ ಪೊರೆ ಆಪರೇಷನ್ ಆಗುವುದಿದ್ದರೆ ಈ ಮಾತ್ರೆ ತಗೊಂಡದ್ದನ್ನು ಕಣ್ಣಿನ ಡಾಕ್ಟರಿಗೆ ಹೇಳಬೇಕು. ನರದ ನೋವಿಗೆ ರಾತ್ರಿ ಸಣ್ಣ ಡೋಸಿನಲ್ಲಿ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ, ಮೊದಲ ಕೆಲವು ದಿನ ಬೈಕ್ ಹತ್ತಬೇಡಿ. ಮೂತ್ರ ಒಳಗೆ ಉಳಿಯುವವರಿಗೆ ಅದು ಆಗಿಬರುವುದಿಲ್ಲ. ಶೀತದ ಮಾತ್ರೆಗಳೂ ಮೂತ್ರ ಕಟ್ಟಿಸುತ್ತವೆ, ಪ್ರಾಸ್ಟೇಟ್ ದೊಡ್ಡದಾಗಿರುವ ವಯಸ್ಸಾದವರು ಮಳೆಗಾಲದಲ್ಲಿ ನೆನಪಿಡಬೇಕು.

ನನಗೆ ಜಾಸ್ತಿ ನಂಬಿಕೆ ಇರುವುದು ಸ್ನಾಯು ಸಡಿಲಿಸುವ ಫಿಸಿಯೋಥೆರಪಿಯಲ್ಲಿ. ಇದು ಗೊತ್ತಿರುವವರು ಎಲ್ಲಾ ಕಡೆ ಸಿಗುವುದಿಲ್ಲ, ಒಂದೆರಡು ಸಲ ದೂರ ಹೋಗಬೇಕಾದೀತು. ಕಲಿತರೆ ಮನೆಯಲ್ಲೇ ಮಾಡಬಹುದು. ಮೊಬೈಲಿನಲ್ಲಿ ನೋಡಿ ಕೆಗೆಲ್ ವ್ಯಾಯಾಮ ಮಾತ್ರ ಶುರು ಮಾಡಬೇಡಿ. ಅದು ಬಿಗಿಮಾಡುವ ವ್ಯಾಯಾಮ, ಮೊದಲೇ ಬಿಗಿದಿರುವವರಿಗೆ ನೋವು ಜಾಸ್ತಿಯಾಗುತ್ತದೆ. ಹಲವರಿಗೆ ಕೆಲವು ತಿಂಗಳಲ್ಲಿ ನೋವು ಇಳಿಯುತ್ತದೆ, ಕೆಲವರಿಗೆ ಆಗಾಗ ಮರುಕಳಿಸುತ್ತದೆ. ಸಂತೆಯಲ್ಲಿ ಮಾರುವ, ಒಳಗೇನಿದೆ ಅಂತ ಬರೆಯದ ಪುಡಿಗಳ ತಂಟೆಗೆ ಹೋಗಬೇಡಿ.

ಅಲ್ಲಿಯವರೆಗೆ ರಾತ್ರಿ ಅಗಲವಾದ ಟಬ್ಬಿನಲ್ಲಿ ಹದ ಬಿಸಿನೀರು ಹಾಕಿ ಹದಿನೈದು ನಿಮಿಷ ಕೂರಿ. ಮುಕ್ಕಾಲು ಗಂಟೆಗೊಮ್ಮೆ ಬೈಕಿನಿಂದ ಇಳಿದು ನಡೆಯಿರಿ, ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಏಳಿ. ನೀರು ಹಗಲಿನಲ್ಲಿ ಹಂಚಿ ಕುಡಿಯಿರಿ, ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಕಾಫಿ, ಮದ್ಯ, ಖಾರ ಈ ಮೂರನ್ನು ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಕಾಫಿ ಮತ್ತೆ ಕುಡಿಯಬಹುದು. ಕಾಫಿ ತೋಟದಲ್ಲಿ ಇದ್ದುಕೊಂಡು ಕಾಫಿ ಬಿಡುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಹೆಂಡತಿಗೆ ಹೇಳಿಬಿಡಿ. ಈಗ ನೀವು ದೂರ ಇರುವುದಕ್ಕೆ ಅವರು ಬೇರೆ ಯಾವ ಕಾರಣ ಕಲ್ಪಿಸಿಕೊಂಡಿದ್ದಾರೋ ಏನೋ. ಸೋಂಕಿಲ್ಲದ ಈ ನೋವು ಅವರಿಗೆ ಅಂಟುವುದಿಲ್ಲ. ಕೂಡಿದರೆ ನಿಮಗೆ ಹಾನಿಯೂ ಇಲ್ಲ, ನೋವಿಲ್ಲದ ದಿನ ನೋಡಿಕೊಳ್ಳಿ. ನಿದ್ದೆ ಪೂರ್ತಿ ಕೆಟ್ಟು, ಬದುಕೇ ಬೇಡ ಅನ್ನುವಷ್ಟು ಬೇಸರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವ ಹಿಂದಿನ ರಾತ್ರಿ ಮಸ್ಟರ್ ರೋಲ್ ಬರೆಯುವ ಹಾಗೆ ಒಂದು ಹಾಳೆಯಲ್ಲಿ ಬರೆಯಿರಿ: ಯಾವಾಗ ಶುರು, ಎಲ್ಲಿ ನೋವು, ದಿನಕ್ಕೆ ಎಷ್ಟು ಸಲ ಮೂತ್ರ, ಯಾವ ಮಾತ್ರೆ ಎಷ್ಟು ದಿನ. ಖಾಲಿ ಸ್ಟ್ರಿಪ್ ಇದ್ದರೆ ಜೇಬಿಗೆ ಹಾಕಿಕೊಳ್ಳಿ. ಕೌಂಟರಿನಲ್ಲಿ ಜನ ಇದ್ದರೆ "ಮೂತ್ರದ ತೊಂದರೆ" ಅಂದರೆ ಸಾಕು, ಉಳಿದದ್ದು ಒಳಗೆ ಹೇಳಿ. ಮೂತ್ರ ಕೊಡುವಾಗ ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಹಿಡಿಯಿರಿ, ಅದು ಯಾವ ಮಾತ್ರೆ ನುಂಗುವುದಕ್ಕೂ ಮುಂಚೆ ಆಗಬೇಕು. ಮತ್ತೆ ಆ ದಿನ ಬೈಕ್ ಬೇಡ. ಬಸ್ಸಿನಲ್ಲಿ ಹೋಗಿ, ಮುಂದಿನ ಸೀಟು ಹಿಡಿದು, ಒಂದು ದಪ್ಪ ಟವಲ್ ಮಡಚಿ ಅದರ ಮೇಲೆ ಕೂರಿ.